ಉಪ್ಪು ನೋಡುವವಳು

ಕುತಾಯಿಸಿಯ ಹಳೇ ಸಂತೆಯ ಹಿಂದೆ, ರಿಯೋನಿ ಹೊಳೆಯ
ಸದ್ದು ಕೇಳುವಷ್ಟು ಹತ್ತಿರ, ನಮ್ಮ ಅಂಗಡಿ.
ಸೊಂಟದೆತ್ತರದ ಮಣ್ಣಿನ ಒಲೆ, ಒಳಗೆ ಬಾವಿ.
ಅದರ ಗೋಡೆಗೆ ರೊಟ್ಟಿ ಬಡಿಯಲು ಮಲ್ಖಾಜ್
ತಲೆ ಕೆಳಗಾಗಿ ಇಳಿಯಬೇಕು,
ಕಾಲೆರಡೂ ಗಾಳಿಯಲ್ಲಿ,
ಈಜಲು ಹಾರಿದವನ ಹಾಗೆ.

ಇಪ್ಪತ್ತೆಂಟು ವರ್ಷ ಇಳಿದ.
ಹೋದ ಮಾಗಿಯಲ್ಲಿ ಅರ್ಧಕ್ಕೇ ಸಿಕ್ಕಿಕೊಂಡ.
ನಾನು ಗಲ್ಲಾ ಬಿಟ್ಟು ಓಡಿ ಬಂದು
ಬೆಲ್ಟು ಹಿಡಿದು ಎಳೆದೆ, ಬಾವಿಗೆ ಬಿದ್ದ ಕೊಡ ಸೇದಿದ ಹಾಗೆ.
ಹುಬ್ಬು ಸೀದಿತ್ತು. ಯಾರೂ ನಗಲಿಲ್ಲ.
ಆಮೇಲೆ ನಕ್ಕರು, ಒಂದು ವಾರ ಪೂರ್ತಿ.

ಹೀಗೆ ಹೋದ ಅವನು ತೆಓನಾಳ ಜಿಮ್ಮಿಗೆ,
ಮುಚ್ಚಿದ ಗಿರಣಿಯೊಂದರ ನೆಲಮಾಳಿಗೆಗೆ.
ಅವಳು ಹೊಟ್ಟೆಗೆ ಟೇಪು ಸುತ್ತುತ್ತ ಕೇಳಿದಳಂತೆ:
ದಿನಕ್ಕೆ ಎಷ್ಟು ರೊಟ್ಟಿ?
ಮುನ್ನೂರ ಐವತ್ತು.
ಮಾಡುವುದಲ್ಲಪ್ಪ, ತಿನ್ನುವುದು.
ಆಗ ಬಹಳ ಹೊತ್ತು ಅವನು
ತನ್ನ ಬೂಟಿನ ಲೇಸು ನೋಡಿದನಂತೆ.
ನೋಡಿದ ಅಂದರೆ,
ನೋಡಲು ಯತ್ನಿಸಿದ.

ಅಂದಿನಿಂದ ಕೈಗೆ ಹಿಟ್ಟು, ಬಾಯಿಗೆ ಮೊಟ್ಟೆ.
ಉಪ್ಪುನೀರಲ್ಲಿ ನೆಂದ ಚೀಸು, ಅಕ್ರೋಟು ಅರೆದು ಕಲಸಿದ ಪಾಲಕ್ಕು,
ಭಾನುವಾರ ಒಂದು ಹೊಳೆ ಮೀನು.
ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ
ಎನ್ನೋಣವೆಂದರೆ, ಪಾಪ,
ಜುಟ್ಟೂ ಇಲ್ಲ. ಬಕ್ಕತಲೆ.

ಮೊದಲ ವಾರ ತಲೆನೋವು. ಸೌದೆಯ ಜೊತೆ ಜಗಳ,
ತಕ್ಕಡಿಯ ಜೊತೆ ಜಗಳ, ನನ್ನ ಸೀನಿನ ಜೊತೆಗೂ.
ನಸುಕಿನ ನಾಲ್ಕಕ್ಕೆ ಮೊದಲ ರೊಟ್ಟಿ ಒಲೆಯಿಂದೆದ್ದು
ಬಿಸಿ ಮೂಗಿಗೆ ಬಡಿದಾಗ
ಅಂಗಡಿಯ ಹೊರಗೆ ಹೋಗಿ ನಿಲ್ಲುತ್ತಿದ್ದ,
ಹಿಮದಲ್ಲಿ, ಬರೀ ಬನಿಯನ್ನಿನಲ್ಲಿ.
ನಾಲ್ಕನೇ ವಾರ ಒಂದು ಮಧ್ಯಾಹ್ನ ಗಮನಿಸಿದೆ:
ಊಟವಾದ ಮೇಲೆ ಮೂಟೆಗಳಿಗೊರಗಿ ಗೊರಕೆ ಹೊಡೆಯುವವನು
ಎಚ್ಚರವಾಗಿದ್ದ. ಶಿಳ್ಳೆ ಹಾಕುತ್ತ
ಕಿಟಕಿಗೆ ಬಣ್ಣ ಬಳಿಯುತ್ತಿದ್ದ, ಯಾರೂ ಕೇಳದೆ.

ಐವತ್ತು ಕಿಲೋ ಹಿಟ್ಟಿನ ಮೂಟೆಯನ್ನು ಈಗ
ಸೊಂಟದಿಂದಲ್ಲ, ತೊಡೆಯಿಂದ ಎತ್ತುತ್ತಾನೆ,
ಬೆನ್ನು ನೆಟ್ಟಗೆ, ಉಸಿರು ಬಿಗಿಹಿಡಿದು,
ಇಳಿಸುವಾಗ ಕೂಸನ್ನು ಮಲಗಿಸಿದ ಹಾಗೆ.
ತಿನ್ನಲಾರದ್ದನ್ನು ಎತ್ತಬಹುದು ನೋಡು, ಲಮಾರಾ,
ಅನ್ನುತ್ತಾನೆ. ನಾನು ಚಿಲ್ಲರೆ ಎಣಿಸುತ್ತೇನೆ.

ಆದರೆ ಊರಿಗೊಂದು ಬಾಯಿ, ಅದರ ಹೆಸರು ಜುಜೂನಾ.
ತಾನೇ ತಿನ್ನದ ರೊಟ್ಟಿ ನಮಗೆ ಮಾರುತ್ತಾನಲ್ಲ,
ಏನು ಬೆರೆಸಿದ್ದಾನೋ!
ಮೂರು ದಿನ ಸಾಲು ಸಣ್ಣಗಾಯಿತು.
ಅದಕ್ಕೇ, ದಿನಾ ಬೆಳಿಗ್ಗೆ, ಎಲ್ಲರೆದುರು
ನಾನು ತಿನ್ನಬೇಕು: ತುದಿ ಮುರಿದು,
ಅಗಿದು, ಕಣ್ಣು ಮುಚ್ಚಿ, ಉಪ್ಪು ಹೇಳಬೇಕು.
ಕಡಿಮೆ. ಸರಿ. ನಿನ್ನೆಗಿಂತ ಚೂರು ಜಾಸ್ತಿ.
ಅವನ ನಾಲಗೆ ಈಗ ನಾನು.
ನಾಲಗೆಗೆ ಸೊಂಟವೂ ಇರುತ್ತದೆಂದು
ಯಾರೂ ಹೇಳಿರಲಿಲ್ಲ.
ಅವನು ಕಳಕೊಂಡದ್ದು ಹದಿನಾಲ್ಕು ಕಿಲೋ.
ಅದರಲ್ಲಿ ಐದರ ವಿಳಾಸ ನನಗೆ ಗೊತ್ತು.

ಇವತ್ತು ಗೋಡೆ ಬಿಟ್ಟ ಒಂದು ರೊಟ್ಟಿ
ಒಲೆಯ ತಳಕ್ಕೆ ಬಿತ್ತು.
ಮೊದಲಾದರೆ ಕೆಂಡಕ್ಕೇ ಬಿಟ್ಟುಬಿಡುತ್ತಿದ್ದ.
ಇಳಿದ. ಸೊಂಟ, ಹೊಟ್ಟೆ, ಎದೆ ಎಲ್ಲ
ಸಲೀಸಾಗಿ ಒಳಗೆ;
ಬರೀ ಎರಡು ಬೂಟು ಹೊರಗೆ. ಲೇಸು ಬಿಗಿಯಾಗಿ ಕಟ್ಟಿದ್ದವು.
ಕೊಕ್ಕೆಯಲ್ಲಿ ಎತ್ತಿ ತಂದ: ಒಂದು ಕಡೆ ಇದ್ದಿಲು,
ಇನ್ನೊಂದು ಕಡೆ ಬಂಗಾರ.

ಮುರಿದ. ಮುಖ ಬಗ್ಗಿಸಿ
ಆವಿಯನ್ನಷ್ಟೇ ಒಳಗೆಳೆದುಕೊಂಡ, ದೀರ್ಘವಾಗಿ,
ಎಷ್ಟು ದೀರ್ಘವಾಗಿ ಎಂದರೆ
ಸಾಲಿನಲ್ಲಿದ್ದ ಜುಜೂನಾ ಕೂಡ ಸುಮ್ಮನಾದಳು.
ಆಮೇಲೆ ನನ್ನತ್ತ ಚಾಚಿದ, ಬಂಗಾರದ ಕಡೆ.
ಬೇಡ, ನಾನೂ ಸೋಮವಾರದಿಂದ ಜಿಮ್ಮಿಗೆ, ಅಂದೆ.

ಹಾಗಾದರೆ ಉಪ್ಪು?

ಇಬ್ಬರೂ ಒಟ್ಟಿಗೇ ತಿರುಗಿ ನೋಡಿದೆವು
ಜುಜೂನಾಳ ಕಡೆ.