ಬಿಳಿ ಹಿನ್ನೆಲೆ

ಎರಡು ಮೊಳೆಗೆ ಸಿಕ್ಕಿಸಿದ ಅಪ್ಪನ ಹಳೆಯ ಪಂಚೆ,
ಅದೇ ನನ್ನ ಜೆರಾಕ್ಸ್ ಅಂಗಡಿಯ ಬಿಳಿ ಹಿನ್ನೆಲೆ.
ಸಾಲಗಾಮೆ ರಸ್ತೆಯ ಅರ್ಧ ಜನ
ಅದರ ಮುಂದೆ ಕೂತೇ ಪಡಿತರ ಚೀಟಿಗೆ ಹತ್ತಿದ್ದು.
ತದಾಲಾ ಕೂತಿದ್ದು ಇದು ನಾಲ್ಕನೇ ಸಲ.
ನೆರಳು ಬಿದ್ದಿದೆ ಅಂತ ಮೂರು ಫೋಟೋ ವಾಪಸ್ಸು.
ಕಿವಿ ಕಾಣಬೇಕು, ನಗಬಾರದು, ಅಂದೆ.
ನಗು ಖರ್ಚಾಗಿದೆ ಅಕ್ಕ, ಹೊಡಿ, ಅಂದಳು.

ಮಲಾವಿಯ ದೆಡ್ಜಾ ಅವಳ ಕಡೆ.
ಭೂಪಟದಲ್ಲಿ ತೋರಿಸಲು ಹೋದರೆ
ಅವಳ ಬೆರಳಡಿಯೇ ಮುಚ್ಚಿಹೋಯಿತು.
ಅಲ್ಲೂ ಬೆಟ್ಟ, ಅಲ್ಲೂ ಚಳಿ, ಅಲ್ಲೂ ಆಲೂಗಡ್ಡೆ.
ಕಚೆವೆರೆ ಅಂತಾರಂತೆ.
ಅದಕ್ಕೆ ತಗಲುವ ಅಂಗಮಾರಿಯನ್ನು ಓದಲು
ಹಾಸನಕ್ಕೆ ಬಂದವಳು, ಎರಡು ವರ್ಷದಲ್ಲಿ
ಆಟೋದವನ ಹತ್ತಿರ ಜಗಳವಾಡುವಷ್ಟು ಕನ್ನಡ ಕಲಿತಳು.

ಈ ಸಲ ಮಳೆ ತಡ. ಬಿತ್ತಿದ್ದು ಜೂನ್ ಎಂಟು.
ಅಗೆಯಬೇಕಾದ್ದು ತೊಂಬತ್ತನೇ ದಿನ.
ವೀಸಾ ಮುಗಿಯುವುದು ಎಪ್ಪತ್ತೊಂದಕ್ಕೆ.
ನನ್ನ ಬಿಲ್ ಪುಸ್ತಕದ ಬೆನ್ನಿಗೆ ಬರೆದು
ಕಳೆದಳು, ಅಡ್ಡಗೆರೆ ಎಳೆದಳು, ಮತ್ತೆ ಕಳೆದಳು.
ಹತ್ತೊಂಬತ್ತು.

ಕಾಲೇಜಿನ ಪತ್ರ, ಗೈಡಿನ ಸಹಿ, ಬಾಡಿಗೆ ಕರಾರು.
ಮನೆ ಓನರ್ ಪುಟ್ಟಲಕ್ಷ್ಮಮ್ಮನಿಗೆ ಕೈ ನಡುಕ:
‘ಪೊಲೀಸ್ನೋರು ವಿಚಾರ್ಸಕ್ ಬಂದ್ರೆ ಬೀದಿಯೋರು ಏನಂದಾರು?’
ಆಮೇಲೆ ಹಾಕಿದರು, ಕೊನೆಯ ‘ಮ್ಮ’ ಚೌಕದ ಹೊರಗೆ.
ಫೈಲು ದಪ್ಪವಾಯಿತು ಅಂತ ಕಂಪ್ಯೂಟರು ಉಗುಳಿತು.
ಸಹಿ ಓದಲು ಬಾರದಷ್ಟು ಕುಗ್ಗಿಸಿದೆ.
ನುಂಗಿತು.

ಕಾಯಂ ವಿಳಾಸ ಅನ್ನುವ ಖಾನೆಗೆ ಬಂದು ತಡೆದಳು.
ತಾಯಿ ಹೋದ ಮೇಲೆ ಆ ಮನೆ ಚಿಕ್ಕಪ್ಪನದು,
ಬೀಗವೂ ಬೇರೆ.
ಬರಿ ಪರವಾಗಿಲ್ಲ, ಅಂದೆ. ನಾನೂ ಬರೀತೀನಿ ಎಲ್ಲ ಕಡೆ
ಅಪ್ಪನ ಊರಿನ ಹೆಸರು.
ಹೇಮಾವತಿ ಹಿನ್ನೀರು ಇಳಿದ ವರ್ಷ
ಒಂದಿಷ್ಟು ಪಾಯದ ಕಲ್ಲು ಕಾಣುತ್ತೆ,
ಮಿಕ್ಕಂತೆ ಅದು ಮೀನುಗಳ ವಿಳಾಸ.
ಯಾವ ಸಾಹೇಬನೂ ಇಳಿದು ನೋಡಿಲ್ಲ.

ದಿನಾ ಸಂಜೆ ತಾಕಿನಿಂದ ಕೆಸರುಗಾಲಲ್ಲೇ ಬಂದು
ಚಪ್ಪಲಿ ಹೊರಗೆ ಬಿಟ್ಟು ಪರದೆ ನೋಡುತ್ತಾಳೆ.
‘ಪರಿಶೀಲನೆಯಲ್ಲಿದೆ.’
ಎಸ್ಪಿ ಆಫೀಸಲ್ಲಿ ಬೆಂಗಳೂರು ಕೇಳಿ ಅಂದರು.
ಬೆಂಗಳೂರಿಗೆ ಹಚ್ಚಿದರೆ ಸಂಗೀತ.
ಅದೀಗ ನನಗೆ ಬಾಯಿಪಾಠ, ಒಗ್ಗರಣೆ ಹಾಕುತ್ತ
ಗುನುಗಿಬಿಡುತ್ತೇನೆ, ಆಮೇಲೆ ನಾಚಿಕೆ.

ಅರವತ್ತೆಂಟನೇ ದಿನ ಆಗಸ್ಟ್ ಹದಿನೈದು. ರಜೆ.
ಲಾಡು ಹಿಡಿದ ಮಕ್ಕಳು ಜಿನುಗು ಮಳೆಯಲ್ಲಿ ಮನೆಗೆ ಓಡುವಾಗ
ಅರ್ಧ ಷಟರು ತಗ್ಗಿ ಒಳಬಂದಳು.
ಎರಡು ಅರ್ಜಿ ತೆಗಿ ಅಕ್ಕ,
ಇರೋದಕ್ಕೊಂದು, ಹೋಗೋದಕ್ಕೊಂದು.
ಎರಡರಲ್ಲೂ ಅದೇ ಮುಖ, ಅದೇ ಪಂಚೆ.
ದಿನಾಂಕದ ಜಾಗ ಖಾಲಿ.

ಒಂದು ನೋಟ್‌ಬುಕ್ಕೂ ಕೊಟ್ಟಳು.
ಹೋಗೋದೇ ಆದರೆ, ಹದಿನಾಲ್ಕು ಸಾಲು,
ಗಿಡಗಿಡಕ್ಕೂ ಬೇರೆ ಬೇರೆ:
ಗಟ್ಟಿ ಎಷ್ಟು, ಕೊಳೆತದ್ದೆಷ್ಟು, ತೂಕ ಎಷ್ಟು.
ಗ್ರಾಮಲ್ಲಿ. ಕಣ್ಣಂದಾಜು ಬೇಡ.
ಕಾಲೇಜಿನ ಹುಡುಗರು ಎಲ್ಲ ಒಂದೇ ಚೀಲಕ್ಕೆ ಸುರೀತಾರೆ,
ನೀನಾದರೆ ಪುಟದ ನಂಬರು ತಪ್ಪಿಸೋದಿಲ್ಲ.

ನಿನ್ನೆ ಕಟ್ಟಿನಕೆರೆ ಮಾರ್ಕೆಟ್ಟಿನ ಆಚೆ
ಅಕ್ಕಸಾಲಿ ರೇವಣ್ಣನನ್ನು ಕೇಳಿದೆ,
ನಿನ್ನ ಸಣ್ಣ ತಕ್ಕಡಿ ಒಂದು ದಿನಕ್ಕೆ ಕೊಡ್ತೀಯಾ?
ಏನು ತೂಗ್ತೀಯಮ್ಮ, ಅಂದ.
ಹೇಳಿದರೆ ಕೊಡಲಿಕ್ಕಿಲ್ಲ ಅಂತ ಸುಮ್ಮನಾದೆ.

ಇವತ್ತು ಎಪ್ಪತ್ತು.
ಗಂಟೆ ನಾಲ್ಕೂವರೆ, ಪರದೆ ಹಾಗೇ ಇದೆ.
ಐದನೇ ಫೋಟೋ ಕೇಳಿದರೆ ಇರಲಿ ಅಂತ
ಬೆಳಗ್ಗೆಯೇ ಪಂಚೆ ಒಗೆದು ಹಾಕಿದ್ದೆ.
ಈ ಸೋನೆಯಲ್ಲಿ
ಅಂಚು ಇನ್ನೂ ಒಣಗಿಲ್ಲ.