ಲಡಿ

ಬೆಟಗೇರಿಯ ಚರ್ಚಿನ ಹಿಂದಿನ ಪಡಸಾಲೆಯಲ್ಲಿ
ಎರಡು ದಿನದ ಕೂಟ: ಹೆಣಿಕೆ ಮತ್ತು ಪ್ರಾರ್ಥನೆ.
ತಲಾ ನೂರೈವತ್ತು, ಊಟ ಸೇರಿ. ಸೂಜಿ ನೀವೇ ತರಬೇಕು.
ಹುಬ್ಬಳ್ಳಿಯಿಂದ ನಾವು ಐದು ಮಂದಿ:
ಅವ್ವ, ನಾನು, ತಮ್ಮನ ಹೆಂಡತಿ ಕೃಪಾ,
ಅವಳ ಮಗಳು ನಿರೀಕ್ಷೆ,
ಮತ್ತು, "ಸ್ಟ್ಯಾಂಡಿನ ತನಕ ಚೀಲಾ ಹಿಡಕೊಂಡ ಬರ್ತೀನಿ" ಅಂದು
ಬಸ್ಸನ್ನೂ ಹತ್ತಿಬಿಟ್ಟ ಅಪ್ಪ.

ಡಿಸೆಂಬರಿನ ಮೊದಲ ವಾರ. ಅಣ್ಣಿಗೇರಿ ದಾಟಿದ ಮೇಲೆ
ಎರೆಹೊಲದ ತುಂಬ ಹತ್ತಿ ಒಡೆದಿತ್ತು.
"ಈ ಬಿಸಲಾಗ ಉಲನ್ ಯಾರಿಗೆ ಬೇಕು?"
ದಾರಿಯುದ್ದಕ್ಕೂ ಅಪ್ಪ ಆಡಿದ್ದು ಅದೊಂದೇ ಮಾತು.
ಅವ್ವ ಕಿಟಕಿಗೆ ಉತ್ತರ ಕೊಟ್ಟಳು:
"ಹುಟ್ಟಿದ ಕೂಸಿಗೆ ಯಾವಾಗ್ಲೂ ಥಂಡೀನ."

ಕಲಿಸುವವಳು ಎಸ್ತೇರಕ್ಕ, ಹಳೆಯ ನರ್ಸು,
ಬೆರಳು ತಪ್ಪಿದರೆ ಸೂಜಿಯಿಂದಲೇ ತಟ್ಟುತ್ತಾಳೆ.
"ಸೀದಾ ಒಂದ, ಉಲ್ಟಾ ಒಂದ.
ದೇವರ ಹೆಸರು ತಗೋ, ಲೆಕ್ಕಾ ಮಾತ್ರ ನೀನ ಇಡು."

ಗೋಡೆಯಾಚೆ ಯಾರದೋ ಮಗ್ಗ, ಖಟ್ಟು ಖಟ್ಟು.
ಅವರಿಗೆ ಎರಡು ಎಳೆ, ಹಾಸೊಂದು ಹೊಕ್ಕೊಂದು,
ಒಂದು ಹರಿದರೆ ಇನ್ನೊಂದು ಹಿಡಿದೀತು.
ನಮಗೆ ಒಂದೇ.
ತನ್ನ ಕುಣಿಕೆಯೊಳಗೆ ತಾನೇ ನುಗ್ಗಿ ನಿಲ್ಲಬೇಕು.
ಇದನ್ನು ಬೋಧಕರು ಹೇಳಲಿಲ್ಲ. ಅವರು
ಕುರಿ, ಕುರುಬ ಎಂದು ಉಣ್ಣೆಯಿಂದಲೇ ಶುರುಮಾಡಿ
ಚಂದವೇ ಹೇಳಿದರು. ನಾನಾಗ
ಕಳೆದುಹೋದ ಹನ್ನೆರಡನೆಯ ಕುಣಿಕೆ ಹುಡುಕುತ್ತಿದ್ದೆ.

ಊಟವಾದ ಮೇಲೆ ಅವ್ವ ಚೀಲದಿಂದ ತೆಗೆದಳು
ನೀಲಿ ಸ್ವೆಟರು.
ಕೃಪಾ ಅದನ್ನು ನೋಡಿದಳು. ನಾನು ಕೃಪಾಳನ್ನು.
ಗೂಡ್ಸ್ ಗಾಡಿಯ ರಾತ್ರಿಪಾಳಿಗೆ ಅವನು ತೊಡುತ್ತಿದ್ದದ್ದು,
ಎಡ ಮೊಳಕೈಯ ಹತ್ತಿರ ಬೀಡಿ ಸುಟ್ಟ ತೂತು;
ಮನೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದು
ಅವನು ಕೊನೆತನಕ ನಂಬಿದ್ದ ಬೀಡಿ.
"ಬಿಚ್ಚಲೇನವಾ?" ಅವ್ವ ಕೇಳಿದ್ದು ಸೊಸೆಯನ್ನು.
ಕೃಪಾ ಕತ್ತರಿ ಕೊಟ್ಟಳು,
ಹಿಡಿಕೆ ಮುಂದೆ ಮಾಡಿ.

ಕೊರಳಿನಿಂದ ಶುರು. ಸರಸರ ಬಂತು, ಹೆಗಲು, ಎದೆ.
"ಓಡಾಕತ್ತೈತಿ, ಓಡಾಕತ್ತೈತಿ!" ನಿರೀಕ್ಷೆ ನಕ್ಕಳು.
ಬಿಚ್ಚಿದ ನೂಲು ನೆಟ್ಟಗಿರಲಿಲ್ಲ.
ಹದಿನಾಲ್ಕು ಚಳಿಗಾಲ ಕೂತ ಭಂಗಿಯಲ್ಲೇ
ಸುರುಳಿ ಸುರುಳಿ.
ಲಡಿ ಹಿಡಿಯಲು ಎರಡು ಖಾಲಿ ಕೈ ಬೇಕು,
ಎಲ್ಲರ ಕೈಯಲ್ಲೂ ಸೂಜಿ.
ಹೊರಗೆ ಬೇವಿನ ಕಟ್ಟೆಯ ಮೇಲೆ ನಿನ್ನೆಯ ಪೇಪರ್ ಓದುತ್ತಿದ್ದವನನ್ನು
ಮೊಮ್ಮಗಳು ಅಂಗಿ ಹಿಡಿದು ಎಳೆತಂದಳು.
ಅವನು ಕೈ ಚಾಚಿದ. ಅವ್ವ ಸುತ್ತತೊಡಗಿದಳು.

ಆಗಲೇ ಬೋಧಕರು: "ಪ್ರಾರ್ಥಿಸೋಣ."

ಸೂಜಿಗಳು ಮಡಿಲಿಗಿಳಿದವು, ಕಣ್ಣುಗಳು ಮುಚ್ಚಿದವು.
ನಾನು ತೆರೆದೆ.
ಅಪ್ಪ, ದೇವಪುತ್ರಪ್ಪ ಎಂಬ ಹೆಸರಿನವನು,
ಮೂರು ವರ್ಷದಿಂದ ಚರ್ಚಿನ ಗೇಟಿನಾಚೆಯೇ ನಿಲ್ಲುವವನು,
ಎರಡೂ ಕೈ ಎದೆಮಟ್ಟಕ್ಕೆ ಎತ್ತಿ ನಿಂತಿದ್ದ.
ಮುಗಿಯಲಾರ, ಮುಗಿದರೆ ಲಡಿ ಕುಸಿಯುತ್ತದೆ.
ಇಳಿಸಲಾರ.
ವರ್ಕ್‌ಶಾಪಿನ ಗ್ರೀಸು ಇನ್ನೂ ಬಿಡದ ಉಗುರು,
ಅಂಗೈಗಳ ನಡುವೆ ಒಂದು ತೋಳಿನಷ್ಟು ನೀಲಿ.
ಪ್ರಾರ್ಥನೆ ಉದ್ದವಿತ್ತು. ಕಾಯಿಲೆಯವರು,
ಪರೀಕ್ಷೆ ಬರೆಯುವವರು, ಛಾವಣಿಯ ಚಂದಾ,
ದೂರದ ಯಾವುದೋ ಯುದ್ಧ.
ಅವನ ತೋಳು ನಡುಗತೊಡಗಿತು.
ಇಳಿಸಲಿಲ್ಲ.

ಆಮೆನ್ ಆದ ಮೇಲೂ ಅವ್ವ
ಕಣ್ಣು ತೆರೆಯಲು ತಡಮಾಡಿದಳು.
"ಸುತ್ತು," ಅಂದ ಅಪ್ಪ, "ಕೈ ಜೋಮ ಹಿಡದೈತಿ."

ಎರಡು ದಿನಕ್ಕೆ ಕೂಸಿನ ಟೊಪ್ಪಿಗೆ ನಾಲ್ಕಾದವು,
ದವಾಖಾನೆಗೆ ಕೊಟ್ಟೆವು. ಅದರಲ್ಲಿ ಒಂದು ನೀಲಿ, ಕೃಪಾ ಹೆಣೆದದ್ದು.
ಯಾವ ತಲೆಗೆ ಹೋಯಿತೋ, ಕೇಳಲಿಲ್ಲ.
ಗದಗ ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದೆವು,
ಅಪ್ಪ ಎರಡು ಹೆಚ್ಚಿಗೆ.

ನನ್ನದು ಅಂಗೈಯಗಲಕ್ಕೇ ನಿಂತಿದೆ.
ಅದನ್ನೇ ಹಿಡಿದು ಈಗ ಚಹಾದ ಬೋಗುಣಿ ಇಳಿಸುತ್ತೇನೆ.
ಕುಣಿಕೆ ತಪ್ಪಿದಲ್ಲಿ ಮಾತ್ರ
ಬೆರಳಿಗೆ ಚೂರು ಬಿಸಿ ತಾಗುತ್ತದೆ.