ಗಂಗಾಳದ ದಿಕ್ಕು

ಹಿಂದಿನ ದಿನ ಸಂಜಿಮುಂದ ನಾವೂ ಕಣ್ಣಿಗೆ ಬಟ್ಟಿ ಕಟ್ಟಿಕೊಂಡು
ಏರಿ ನೋಡಿದ್ವಿ. ಕಾರ್ಯಕರ್ತರಲ್ಲ ನಾವು?
ತಿಳೀಬೇಕಲ್ಲ, ಹೆಂಗಿರತೈತಿ ಅಂತ.
ಮೂರನೇ ಹೆಜ್ಜಿಗೆ ಬಟ್ಟಿ ಸಂದಿಲೆ ಕೆಳಗ ಇಣುಕಿದೆ.
ಯಾರಿಗೂ ಹೇಳಿಲ್ಲ. ಇಲ್ಲಿ ಬರೀತೀನಿ.

ಬೆಳಗಾದಾಗ ಬಾದಾಮಿಯ ಕೆಂಪುಗಲ್ಲು
ಇನ್ನೂ ರಾತ್ರಿಯ ತಂಪಿನ್ಯಾಗ.
ಬಾಗಲಕೋಟಿ ಟೆಂಪೋ ಇಳದು ಇಪ್ಪತ್ಮೂರು ಮಂದಿ,
ಒಬ್ಬರ ಹೆಗಲ ಮ್ಯಾಲ ಒಬ್ಬರ ಕೈ, ಕಲ್ಲಿನ ಕಡೆ ನಡದ್ರು.
ಅಜ್ಜಪ್ಪ ಕೊಣ್ಣೂರ ಹೆಲ್ಮೆಟ್ಟು ಹಂಚಿದ,
ಸಬೀನಾ ಮುಲ್ಲಾ ಹೆಸರು ಬರಕೊಂಡ್ಲು,
ಮಂಗ್ಯಾ ಬಂದು ಬಾಳಿಹಣ್ಣಿನ ಬುಟ್ಟಿ ಒಯ್ದಾಗ
ಮದಲ ನಕ್ಕವರು ಅವರು, ಓಡಿದವರು ನಾವು.
ದೊಡ್ಡ ಬ್ಯಾನರ್ ಬ್ಯಾರೆ ಕಟ್ಟಿದ್ವಿ: ಸಾಹಸಿಗಳಿಗೆ ಸ್ವಾಗತ.
ಯಾರಿಗೆ ಬರಿಸಿದ್ವೋ. ಮಂಗ್ಯಾ ಓದಿರಬೇಕು.

ನನ್ನ ಹಗ್ಗಕ್ಕ ಬಂದಾಕಿ ಗುಳೇದಗುಡ್ಡದ ನಿಂಬೆವ್ವ,
ಐವತ್ತರ ಮ್ಯಾಲ ವಯಸ್ಸು, ಹುಟ್ಟಾ ಕಣ್ಣಿಲ್ಲ,
ಖಣದ ಮಗ್ಗಕ್ಕ ಕಂಡಿಕಿ ಸುತ್ತಾಕಿ.
ಸೀರಿ ಕಚ್ಚಿ ಹಾಕಿ, ಮ್ಯಾಲ ಹಾರ್ನೆಸ್ ಬಿಗದುಕೊಂಡು
ಹಗ್ಗಾನ ಬಟ್ಟಿನ್ಯಾಗ ತಿಕ್ಕಿ ತಿಕ್ಕಿ ನೋಡಿದ್ಲು.
"ಇದನ್ನ ಯಾರು ನೇಯ್ದಾರ?"
"ಮಷಿನ್ ನೇಯ್ದೈತಿ, ಅವ್ವಾರ."
"ಬಿಗಿ ಚೊಲೋ ಐತಿ. ಎಳಿ ಎಳಿಗೂ ಒಂದ ಸಮ."
ಹಗ್ಗದ ಜೋಡಿ ಬಂದ ಕಂಪನಿ ಚೀಟಿಗಿಂತ
ನನಗ ಆ ಮಾತಿನ ಮ್ಯಾಲ ಧೈರ್ಯ ಬಂತು.

ಏರಾಕ ಹತ್ತಿದ್ಲು. ನಾ ಕಲ್ತಂಗ ಕೂಗಿದೆ:
"ಬಲಗೈ ಎರಡು ಗಂಟೆಗೆ! ಎಡಗಾಲು ಎಂಟು ಗಂಟೆಗೆ!"
ಕಲ್ಲಿಗೆ ಗಲ್ಲ ಹಚ್ಚಿ ನಿಂತ್ಲು.
"ತಮ್ಮಾ, ಎಂಟು ಗಂಟೇಕ ನಾ ಚಾ ಕುಡೀತೀನಿ.
ನಿನ್ನ ಗಡಿಯಾರದ ಮಾರಿ ನಾ ಕಂಡಿಲ್ಲ.
ಉಣ್ಣೂ ಗಂಗಾಳ ಗೊತ್ತೈತಿ, ಅದರಂಗ ಹೇಳು."

ಹಗ್ಗ ಬಿಗಿ ಹಿಡದು ಗಂಗಾಳ ನೆನಸಿದೆ.
ಇಪ್ಪತ್ತೆಂಟು ವರ್ಷ ಉಂಡೀನಿ,
ಯಾವುದು ಎಲ್ಲಿರತೈತಿ ಅಂತ
ಕೈಗೆ ಗೊತ್ತು, ನನಗ ಗೊತ್ತಿಲ್ಲ.

"ಬಲಗೈ... ಪಲ್ಯಾದ ಕಡೆ!"
"ಎಣಗಾಯೋ, ಬ್ಯಾಳಿಯೋ?"
"ಎಣಗಾಯಿ! ಇನ್ನೊಂದು ಗೇಣು ಮ್ಯಾಲ!"
ಸಿಕ್ತು.
"ಎಡಗೈ ಗುರೆಳ್ಳ ಚಟ್ನಿಗೆ, ಎಡಗಾಲು ಉಳ್ಳಾಗಡ್ಡಿಗೆ,
ಅಲ್ಲ, ಅಲ್ಲ, ಮೊಸರಿಗೆ, ಮೊಸರು!"
ಪಕ್ಕದ ಹಗ್ಗದ ಅಜ್ಜಪ್ಪ ಗಡಿಯಾರ ಬಿಟ್ಟು ನನ್ನ ಅಡಗಿ ಹಿಡದ.
ಅವನ ಮನ್ಯಾಗ ಚಟ್ನಿ ಬಲಕ್ಕ.
ಅವನ ಹಗ್ಗದ ಹುಡುಗ ಎಡಕ್ಕ ಚಾಚಿ
ಬರೇ ಗಾಳಿ ಹಿಡದು ತೂಗಾಡಿದ, ಬೈದ, ನಕ್ಕ.

ನಲವತ್ತಡಿಗೆ ಕಲ್ಲಿನ್ಯಾಗ ಒಂದು ಸಣ್ಣ ಕಟ್ಟಿ.
ಅಲ್ಲಿ ನಿಂತಾಕಿ, ನಾ ಮತ್ತ ಬಾಯಿ ತೆಗಿಯೂದ್ರಾಗ,
"ಸಾಕು, ಸುಮ್ಮನಿರು" ಅಂದ್ಲು.
ಸುಮ್ಮನಾದೆ.
ಬಾಯಿ ಮುಚ್ಚಿದ ಮ್ಯಾಲ ಕೈಗೆ ಕೇಳಾಕ ಹತ್ತಿತು:
ಹಗ್ಗದ ಆ ತುದಿಗೆ ಒಂದು ಉಸಿರು,
ಒಂದು ಕಾಲಿನ ನಡುಕ, ಆಮ್ಯಾಲ ನಡುಕ ನಿಂತದ್ದು,
ಭಾರ ಮೆಲ್ಲಕ ಎಡಕ್ಕ ಸರಿದದ್ದು.
ಕೆಳಗ ಕೆರಿದಂಡಿಗೆ ಅರಿವಿ ಒಗಿಯೂ ಸಪ್ಪಳ
ಕಲ್ಲಿಗೆ ಬಡದು ಎರಡೆರಡು ಸಲ ಬರತಿತ್ತು.
ಬೆಳಗಿನಿಂದ ಬರತಿದ್ದಿರಬೇಕು.

ತುದಿ ಇನ್ನ ಹತ್ತಡಿ.
"ಅವ್ವಾರ, ಉಪ್ಪಷ್ಟ ಉಳದೈತಿ" ಅಂದೆ.
"ಉಪ್ಪು ನಿನಗಿರಲಿ. ನನಗ ಹೊಟ್ಟಿ ತುಂಬೈತಿ. ಇಳಸು."

ಇಳಸಿದೆ. ನೆಲ ಮುಟ್ಟಿದಾಕಿ ಹೆಲ್ಮೆಟ್ಟು ತಗದು
ನನ್ನ ಕೈಯಾಗಿಟ್ಲು, ಬಿಸಿ ಇತ್ತು.
"ಮುಂದಿನ ವರ್ಷ ಇಷ್ಟು ಒದರದ ಹುಡುಗನ್ನ ಕೊಡ್ರಿ."

ಸಬೀನಾಳ ಪಟ್ಟಿಯಾಗ ಕಡೀ ಕಾಲಂ:
ತುದಿ ಮುಟ್ಟಿದರೇ? ಹೌದು, ಇಲ್ಲ.
ಪೆನ್ನು ಎತ್ತಿ ನನ್ನ ಮಾರಿ ನೋಡಕೋತ ನಿಂತಾಳ.
ನಿಂಬೆವ್ವ ಆಗಲೇ ಊಟದ ಸಾಲಿನ್ಯಾಗ,
ಬಡಸಾವಗ ಹೇಳಾಕ ಹತ್ಯಾಳ
ಚಟ್ನಿ ಎಲ್ಲಿಡಬೇಕಂತ.